ಮೇಲಿನ ಲೈನಿಗೂ ಹುಳ ಬಂತು, ಅತ್ತೆ

ಬ್ಯಾಡಗಿಯ ನನ್ನ ಉಚ್ಚಂಗೆವ್ವ ಅತ್ತೆಗೆ,

ಕೈಯಲ್ಲಿ ಫೋನು ಇಟ್ಟುಕೊಂಡು ಕಾಗದ ಬರೆಯುತ್ತಾನಲ್ಲ, ಇವನಿಗೆ ಏನಾಯಿತು ಅಂತ ಗಾಬರಿಯಾಗಬೇಡ. ನನಗೆ ಏನೂ ಆಗಿಲ್ಲ. ಉಂಡುಕೊಂಡು ಚೆನ್ನಾಗಿದ್ದೇನೆ. ಫೋನಿನಲ್ಲಿ ಮಾತು ಶುರುವಾದರೆ ನಾನೊಂದು ಅನ್ನುವಷ್ಟರಲ್ಲಿ ನೀನು ನಾಲ್ಕು ಅಂದಿರುತ್ತೀ, ಮಹೇಶ್ವರಿ ಸ್ಪೀಕರ್ ಹಾಕುತ್ತಾಳೆ, ನಡುವೆ ಕೂಸು ಅಳುತ್ತದೆ, ಹೇಳಬೇಕಾದದ್ದು ನನ್ನ ಗಂಟಲಲ್ಲೇ ಉಳಿದುಬಿಡುತ್ತದೆ. ಹೋದ ವಾರ ಎರಡು ಸಲ ಹಾಗೇ ಆಯಿತು. ಕಾಗದವಾದರೆ ನೀನು ನಡುವೆ ಬಾಯಿ ಹಾಕಲು ಆಗುವುದಿಲ್ಲ. ಮೆಣಸಿನಕಾಯಿ ತೊಟ್ಟು ಬಿಡಿಸಿ ಮನೆಗೆ ಬಂದು, ಕೈ ಉರಿ ಕಡಿಮೆಯಾದ ಮೇಲೆ ನಿಧಾನಕ್ಕೆ ಓದು.

ಮೊದಲು ಮುಖ್ಯವಾದದ್ದು ಹೇಳಿಬಿಡುತ್ತೇನೆ. ಗಣಪತಿ ಹಬ್ಬ ಮುಗಿದ ಮೇಲೆ ಮಹೇಶ್ವರಿಯನ್ನೂ ಕೂಸನ್ನೂ ಇಲ್ಲಿಗೆ ಕರೆದುಕೊಂಡು ಬರಬೇಕೆಂದು ಮಾಡಿದ್ದೀಯಲ್ಲ, ಬರಬೇಡ. ತೊಟ್ಟಿಲು, ಕುಂಚಿಗೆ, ಹೊಸ ಕೌದಿ ಎಲ್ಲ ಗಂಟು ಕಟ್ಟಿಟ್ಟಿದ್ದೀ ಎಂದು ಗೊತ್ತು. ಐದನೇ ತಿಂಗಳಿಗೆ ಬಾಣಂತಿಯನ್ನು ಗಂಡನ ಮನೆಗೆ ಕಳಿಸದಿದ್ದರೆ ಓಣಿಯವರು ಏನೇನು ಮಾತಾಡುತ್ತಾರೆ ಎನ್ನುವುದೂ ಗೊತ್ತು. ಆದರೂ ಬರಬೇಡ. ಯಾಕೆ ಎಂದು ಹೇಳಬೇಕಾದರೆ ನಿನ್ನ ಮನಸ್ಸಿಗೆ ನೋವಾಗುವ ಒಂದು ಮಾತನ್ನೂ ಹೇಳಬೇಕಾಗುತ್ತದೆ. ಅದಕ್ಕೇ ಇಷ್ಟು ದಿನ ಹಿಂದೆ ಮುಂದೆ ನೋಡಿದೆ.

ನನ್ನ ಮದುವೆಯ ದಿನ ಹಲಗೇರಿಯ ನಮ್ಮ ಮನೆಯ ಹಿತ್ತಲಲ್ಲಿ ನನ್ನ ಕಿವಿ ಹಿಡಿದು ನೀನು ಅಂದದ್ದು ಇನ್ನೂ ಕಿವಿಯಲ್ಲೇ ಇದೆ. "ಪುಂಡ್ಯಾ, ನೀ ನಮ್ಮಣ್ಣನ ಮಗಾ ಅಂತ ಕಣ್ಮುಚ್ಚಿ ಹುಡುಗೀನ್ನ ಕೊಟ್ಟೇನಿ. ನಿನ್ನ ಕಾಲು ಒಂದ್ ಕಡೆ ನಿಲ್ಲೂದಿಲ್ಲ ಅಂತ ಊರಿಗೆಲ್ಲಾ ಗೊತ್ತೈತಿ. ಎರಡ ಮಾತು ಕೊಡು ನನಗ. ಕೆಲಸಾ ಅರ್ಧಕ್ಕ ಬಿಟ್ಟು ಓಡಿ ಬರಬ್ಯಾಡ. ಹೆಂಡ್ತಿ ಮಕ್ಕಳ್ನ ಬಿಟ್ಟು ಇರಬ್ಯಾಡ." ನಾನು ನಗುತ್ತಲೇ ಎರಡೂ ಮಾತು ಕೊಟ್ಟೆ. ನೀನು ಹೇಳಿದ್ದು ಸುಳ್ಳೇನೂ ಅಲ್ಲ. ಹತ್ತನೇ ಇಯತ್ತೆ ಮುಗಿಸಿದ ಮೇಲೆ ನಾನು ಎಲ್ಲಿ ನಿಂತಿದ್ದೆ ಹೇಳು? ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಚೀಲ ಹೊತ್ತೆ, ಘಾಟಿಗೆ ಸೀನಿ ಸೀನಿ ಬಿಟ್ಟೆ. ಕೋಲ್ಡ್ ಸ್ಟೋರೇಜಿನ ಚಳಿಯಲ್ಲಿ ಸ್ವಲ್ಪ ದಿನ ಇದ್ದೆ. ರಾಣೆಬೆನ್ನೂರಿನ ಬೀಜದ ಕಂಪನಿಯ ಬಲೆಮನೆಯಲ್ಲಿ ಮೆಣಸಿನ ಹೂವಿಗೆ ಕ್ರಾಸಿಂಗ್ ಮಾಡಿದೆ. ಹೂವು ಬಿಡಿಸುವುದು, ಗಂಡುಹೂವಿನ ಪುಡಿ ಮುಟ್ಟಿಸುವುದು, ದಾರ ಕಟ್ಟುವುದು. ನಾಲ್ಕೂ ಕಡೆ ಬಲೆ ನೋಡಿ ನೋಡಿ ಉಸಿರು ಕಟ್ಟಿ ಅದನ್ನೂ ಬಿಟ್ಟೆ. ಕೊನೆಗೆ ನಮ್ಮೂರಿನ ಉಡಚಪ್ಪ ಕಾಕಾ ಆಳುಗಳನ್ನು ಕರೆದುಕೊಂಡು ಈ ನೀಲಗಿರಿ ಕಡೆಯ ಚಹಾ ತೋಟಕ್ಕೆ ಹೊರಟಾಗ ಅವರ ಹಿಂದೆ ಬಂದೆ.

ಇಲ್ಲಿ ನಾನು ನಿಂತೆ, ಅತ್ತೆ. ಯಾಕೆಂದು ನಿನಗೆ ಯಾವತ್ತೂ ಬಿಡಿಸಿ ಹೇಳಿಲ್ಲ. ಇಲ್ಲಿ ನನಗೆ ಸಿಕ್ಕ ಕೆಲಸವೇ ನಡೆಯುವುದು. ಈ ತೋಟ ಒಂದು ಗುಡ್ಡದ ಬುಡದಿಂದ ನೆತ್ತಿಯವರೆಗೆ ಇದೆ. ಬುಡದಲ್ಲಿ ನಮ್ಮ ಕಡೆಯ ಹಾಗೇ ಬೆವರುತ್ತೇವೆ. ನಡುವಿಗೆ ಬಂದರೆ ಗಾಳಿ ತಣ್ಣಗಾಗುತ್ತದೆ. ನೆತ್ತಿಯಲ್ಲಿ ಮಧ್ಯಾಹ್ನವೂ ಸ್ವೆಟರ್ ಬೇಕು. ಮನುಷ್ಯರ ಹಾಗೆ ಹುಳಗಳೂ ತಮತಮಗೆ ಒಗ್ಗಿದ ಜಾಗ ಹಿಡಿದುಕೊಂಡಿದ್ದವು. ಬುಡದಲ್ಲಿ ಇಲ್ಲಿಯವರು ಟೀ ಸೊಳ್ಳೆ ಅನ್ನುವ ಹುಳ. ಅದು ಸೊಳ್ಳೆಯಲ್ಲ, ತಿಗಣೆಯ ಜಾತಿಯದು. ಕಡ್ಡಿಯಂಥ ಮೈ, ಬೆನ್ನ ಮೇಲೆ ಗುಂಡುಪಿನ್ನು ಚುಚ್ಚಿದ ಹಾಗೆ ಒಂದು ಮುಳ್ಳು. ಎಳೆ ಚಿಗುರಿಗೆ ಬಾಯಿ ಹಾಕಿ ಹೀರಿದರೆ ಅಲ್ಲೊಂದು ಕಂದು ಚುಕ್ಕಿ ಬೀಳುತ್ತದೆ. ಚುಕ್ಕಿಗಳು ಹೆಚ್ಚಾದರೆ ಎಲೆ ಮುದುಡಿ, ಕುಡಿ ಕರ್ರಗಾಗಿ ಒಣಗುತ್ತದೆ. ನಡುವಿನ ಬಿಸಿಲು ಬೀಳುವ ಇಳಿಜಾರಿನಲ್ಲಿ ಬೇಸಿಗೆ ಬಂದರೆ ಕೆಂಪು ನುಸಿ. ಎಲೆಯೆಲ್ಲ ತುಕ್ಕು ಹಿಡಿದ ತಗಡಿನ ಬಣ್ಣಕ್ಕೆ ಬರುತ್ತದೆ. ಎಲೆ ಕೀಳುವ ಹೆಂಗಸರ ಸೀರೆಗೆ, ಚೀಲಕ್ಕೆ ಅಂಟಿಕೊಂಡೇ ಅದು ಪಕ್ಕದ ಸಾಲಿಗೆ ದಾಟುತ್ತದೆ. ನೆತ್ತಿಯಲ್ಲಿ ಮಾತ್ರ ಥಂಡಿ. ಅಲ್ಲಿ ಹುಳದ ಕಾಟವೆಂದರೆ ಹೆಸರಿಗಷ್ಟೇ.

ವಾರಕ್ಕೊಮ್ಮೆ ನೆತ್ತಿಯಿಂದ ಬುಡದವರೆಗೆ ಇಳಿಯುತ್ತ, ಅಲ್ಲಲ್ಲಿ ಚಿಗುರು ಕಿತ್ತು ನೋಡಿ, ಯಾವ ಹುಳ ಎಲ್ಲಿಯವರೆಗೆ ಬಂದಿದೆ ಎಂದು ತೋಟದ ಸಾಹೇಬರಿಗೆ ಹೇಳುವುದು ನನ್ನ ಕೆಲಸ. ಬಲೆಮನೆಯಲ್ಲಿ ಎಲೆಯ ಹಿಂಬದಿ ತಿರುಗಿಸಿ ನುಸಿ ನೋಡುವುದನ್ನು ಕಲಿತಿದ್ದೆನಲ್ಲ, ಅದನ್ನು ನೋಡಿಯೇ ಕೊಟ್ಟರು. ಹೋದ ಸಲ ಇದ್ದ ತಿರುವಿನಲ್ಲಿ ಹುಳ ಈ ಸಲ ಇದೆಯೋ, ಒಂದು ತಿರುವು ಮೇಲೆ ಹತ್ತಿದೆಯೋ ಎಂದು ಹುಡುಕುತ್ತ ನಡೆದರೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ನನಗೆ ಬೇಜಾರಾಗದ ಕೆಲಸ ಈ ಲೋಕದಲ್ಲಿ ಇದೆ ಎಂದು ಆಗ ಗೊತ್ತಾಯಿತು. ಎಣ್ಣೆ ಹೊಡೆಯದ ಜಾಗ ಎಂದೇ ನೆತ್ತಿಯ ಮೇಲಿನ ಲೈನಿನಲ್ಲಿ, ಅಂದರೆ ಆಳುಗಳ ಮನೆಸಾಲಿನಲ್ಲಿ, ಮನೆ ಕೇಳಿ ತೆಗೆದುಕೊಂಡೆ. ಹುಳದ ಔಷಧಿಗೆ ನಾವು ಎಣ್ಣೆ ಅನ್ನುವುದನ್ನು ಕೇಳಿ ಇಲ್ಲಿಯವರು ನಗುತ್ತಾರೆ. "ಅಡುಗೆ ಮಾಡ್ತೀರೇನಪ್ಪ ಅದರಲ್ಲಿ?" ಎನ್ನುತ್ತಾರೆ ಸಾಹೇಬರು.

ಬಸುರಿ ಮಹೇಶ್ವರಿಗೆ ಕುಬಸ ಮಾಡಲು ನೀನು ಬಂದದ್ದು ನೆನಪಿದೆಯಲ್ಲ. ಜೀಪಿನಿಂದ ಇಳಿದವಳೇ ರಸ್ತೆಯ ಅಂಚಿನಲ್ಲಿ ತಲೆ ಹಿಡಿದುಕೊಂಡು ಕೂತೆ. "ಇದೇನ್ ಗುಡ್ಡಾನೋ, ಮ್ಯಾಲಕ್ಕ ನಿಚ್ಚಣಿಕಿ ಹಚ್ಚ್ಯಾರೋ? ನನ್ನ ಮಗಳ್ನ ಮುಗಿಲಾಗ ಸಂಸಾರಕ್ಕ ಇಟ್ಟೀಯಲ್ಲೋ ಪುಂಡ್ಯಾ" ಅಂದೆ. ಮಹೇಶ್ವರಿಗೆ ಪೇರಲಹಣ್ಣಿನ ಬಯಕೆ ಹತ್ತಿತ್ತು. ನೆತ್ತಿಯಲ್ಲಿ ಎಲ್ಲಿಯ ಪೇರಲ? ನೀನು ಕೆಳಗಿನ ಲೈನಿನಲ್ಲಿ ಉಡಚಪ್ಪ ಕಾಕಾನ ಮನೆಗೆ ಹೋಗಿ, ಮಡಿಲ ತುಂಬ ಹಣ್ಣು ತಂದೆ. ಹಣ್ಣಿನ ಜೊತೆಗೆ ಅವರ ಹಿತ್ತಲಿನ ಒಂದು ಸಸಿಯನ್ನೂ ಡಬ್ಬಿಯಲ್ಲಿ ಹೊತ್ತು ತಂದು ನಮ್ಮ ಬಾಗಿಲ ಮುಂದೆ ನೀನೇ ಕುಣಿ ತೋಡಿ ಹಚ್ಚಿದೆ. "ಬಾಗಲಾ ಮುಂದ ಗಿಡಾ ಇಲ್ಲದ್ದು ಮನಿ ಅನಸ್ಕೋತೈತೇನು? ಗಾಡಿ ನಿಲ್ಸಿದ ಠಾಣೆ ಅನಸ್ಕೋತೈತಿ" ಅಂದೆ. ಆ ಮಾತು ನನಗೆ ಎಷ್ಟು ಸೇರಿತೆಂದರೆ, ನೀನು ಹೋದ ಮೇಲೂ ಬೆಳಗ್ಗೆ ಎದ್ದು ಮೊದಲು ಆ ಸಸಿಗೆ ನೀರು ಹಾಕುತ್ತಿದ್ದೆ. ನಿನ್ನನ್ನು ನೋಡಿ ಲೈನಿನ ಉಳಿದ ಹೆಂಗಸರೂ ಸುಮ್ಮನಿರಲಿಲ್ಲ. ನಮ್ಮ ಮಂದಿ ಎಲ್ಲಿಗೆ ಹೋದರೂ ಹಾಗೇ ಅಲ್ಲವೇ, ಒಬ್ಬರು ಗಿಡ ಹಚ್ಚಿದರೆ ಓಣಿಯೆಲ್ಲ ಹಚ್ಚಬೇಕು. ಮಳೆ ಬೀಳುವ ಹೊತ್ತಿಗೆ ಎಲ್ಲರೂ ಕೆಳಗಿನಿಂದ ತಂದು ತಂದು, ಪ್ರತಿ ಬಾಗಿಲಿಗೂ ಒಂದು ಪೇರಲ ಸಸಿ ಆಗಿತ್ತು.

ಟೀ ಸೊಳ್ಳೆಗೆ ಚಹಾ ಎಷ್ಟು ಇಷ್ಟವೋ ಪೇರಲದ ಚಿಗುರೂ ಅಷ್ಟೇ ಇಷ್ಟವಂತೆ. ಅದು ನನಗೂ ಗೊತ್ತಿರಲಿಲ್ಲ. ಇಲ್ಲಿ ಯಾರೂ ಹೇಳಿರಲೂ ಇಲ್ಲ. ಚಹಾ ಗಿಡ ನೋಡುವ ಕಣ್ಣಿಗೆ ಬಾಗಿಲ ಮುಂದಿನ ಪೇರಲ ಕಾಣುವುದಿಲ್ಲ, ಅತ್ತೆ. ಮಳೆಗಾಲದ ನಡುವೆ ಒಂದು ದಿನ ನಮ್ಮ ಸಸಿಯ ಕುಡಿ ಬಾಗಿರುವುದನ್ನು ನೋಡಿ ಹತ್ತಿರ ಕೂತೆ. ಎಳೆ ದಂಟಿನಿಂದ ಎರಡೆರಡು ಬಿಳಿ ಕೂದಲು ಹೊರಗೆ ಚಾಚಿದ್ದವು. ಆ ಹುಳದ ಮೊಟ್ಟೆ ದಂಟಿನ ಒಳಗಿರುತ್ತದೆ, ಹೊರಗೆ ಕಾಣುವುದು ಆ ಎರಡು ಕೂದಲು ಮಾತ್ರ. ಮನೆಯ ಹಿಂದಿನ ಚಹಾದ ಸಾಲಿಗೆ ಹೋಗಿ ಚಿಗುರು ತಿರುಗಿಸಿದೆ. ಅಲ್ಲೂ ಕಂದು ಚುಕ್ಕಿಗಳು.

ನಾನೇ ಹೋಗಿ ಸಾಹೇಬರಿಗೆ ಹೇಳಿದೆ. ಅದೇ ನನ್ನ ಕೆಲಸ. ಅವರು ಬಂದು ನೋಡಿ ಎಲ್ಲ ಪೇರಲಗಳನ್ನೂ ಕೀಳಿಸಿ ಸುಡಿಸಿದರು. ನಿನ್ನದನ್ನು ನಾನೇ ಕಿತ್ತೆ. ನೀನು ಫೋನಿನಲ್ಲಿ ಪ್ರತಿ ಸಲ "ಗಿಡಾ ಚಿಗತೈತೇನೋ?" ಎಂದು ಕೇಳುವಾಗ ನಾನು ಮಾತನ್ನು ಕೂಸಿನ ಕಡೆ ತಿರುಗಿಸುತ್ತಿದ್ದುದು ಇದಕ್ಕೇ.

ಈಗ ನೀನು ಎದೆ ಹಿಡಿದುಕೊಂಡು ಕೂತಿರುತ್ತೀ. ಪೂರ್ತಿ ಕೇಳು. ನಿನ್ನ ಸಸಿಯಿಂದಲೇ ಹುಳ ಬಂತು ಎಂದು ದೇವರಾಣೆ ಯಾರೂ ಹೇಳಲಾರರು. ನಿನ್ನ ನಂತರ ಬಂದ ಸಸಿಗಳು ಎಷ್ಟೋ. ಎಲೆ ತುಂಬುವ ಚೀಲಗಳು ಬುಡದಿಂದ ನೆತ್ತಿಗೆ, ನೆತ್ತಿಯಿಂದ ಬುಡಕ್ಕೆ ದಿನಾ ಓಡಾಡುತ್ತವೆ. ಹೋದ ಚಳಿಗಾಲದಲ್ಲಿ ಇಲ್ಲಿ ಮಂಜು ಹೆಪ್ಪುಗಟ್ಟಲೇ ಇಲ್ಲ. ಹುಳ ಒಂದೊಂದೇ ತಿರುವು ಹತ್ತುವುದನ್ನು ನಾನೇ ಎರಡು ವರ್ಷದಿಂದ ನೋಡುತ್ತಿದ್ದೇನೆ. ಇವತ್ತಲ್ಲ ನಾಳೆ ಅದು ಬರುವುದೇ ಇತ್ತು ಎಂದು ಸಾಹೇಬರೇ ಹೇಳಿದರು. ಆದರೆ ಇಲ್ಲಿಂದ ಊರಿಗೆ ಬರುವ ಯಾರಾದರೂ "ನಿಮ್ಮ ಪೇರಲದಾಗ ಹುಳಾ ಬಂತಂತ" ಎಂದು ನಿನ್ನ ಮುಂದೆ ನಗೆಯಾಡುವ ಮೊದಲು ನಾನೇ ಹೇಳಬೇಕೆನಿಸಿತು. ನಮ್ಮ ಪಕ್ಕದ ಮನೆಯ ಆಳು, ಹಾವೇರಿಯ ಕೈಸರ ಆಗಲೇ ಶುರು ಮಾಡಿದ್ದಾನೆ. "ಪುಂಡಲೀಕ ಭಾಯ್, ಬಯಕಿ ನಿನ್ನ ಹೆಂಡ್ತೀದು, ಎಣ್ಣಿ ಹೊಡಿಯೂ ಪಾಳಿ ನಂದೇನು?" ಎನ್ನುತ್ತಾನೆ. ಅವನು ಕೆಟ್ಟವನಲ್ಲ. ನಗದಿದ್ದರೆ ಅವನಿಗೆ ಆ ಪಂಪು ಹೊರಲು ಆಗುವುದಿಲ್ಲ.

ಪಂಪು ಎಂದೆನಲ್ಲ, ಈಗ ನಾನೂ ಅವನೂ ಹೊರುತ್ತಿರುವುದು ಅದನ್ನೇ. ನೆತ್ತಿಗೂ ಹುಳ ಬಂದ ಮೇಲೆ ಅದು ಎಲ್ಲಿಯವರೆಗೆ ಬಂತು ಎಂದು ನಡೆದು ನೋಡುವುದು ಏನಿದೆ? ಬೆನ್ನಿಗೆ ಎಣ್ಣೆಯ ಪಂಪು ಕಟ್ಟಿದರು.

ಎಣ್ಣೆ ಹೊಡೆಯುವ ರೀತಿ ಹೇಳುತ್ತೇನೆ, ಆಗ ನಿನಗೆ ತಿಳಿಯುತ್ತದೆ. ಈ ಹುಳ ಬಿಸಿಲೇರಿದರೆ ಗಿಡದ ಒಳಗೆ ಅಡಗುತ್ತದೆ. ಹೊರಗೆ ಬರುವುದು ಬೆಳಗಿನ ತಂಪಿನಲ್ಲಿ ಮತ್ತೆ ಸಂಜೆಯ ಹೊತ್ತು. ಅಂದರೆ ಮನೆಮನೆಯಲ್ಲಿ ಒಲೆ ಹೊತ್ತಿರುವ, ಮಕ್ಕಳು ಅಂಗಳದಲ್ಲಿ ಇರುವ ಹೊತ್ತು. ಇನ್ನೊಂದು, ನಡುವಿನಿಂದ ಶುರು ಮಾಡಿದರೆ ಅದು ಹಾರಿ ಪಕ್ಕದ ತೋಟಕ್ಕೆ ಹೋಗುತ್ತದೆ. ಅದಕ್ಕೆ ಮೊದಲು ಹೊರಗಿನ ಅಂಚಿಗೆ ಸುತ್ತಲೂ ಹೊಡೆದು, ಸುತ್ತು ಸಣ್ಣದು ಮಾಡುತ್ತ ಮಾಡುತ್ತ ಒಳಗೆ ಬರಬೇಕು. ಹುಳವೆಲ್ಲ ನಡುವಿಗೆ ಸೇರುತ್ತದೆ. ಕೊನೆಗೆ ಅಲ್ಲಿ ಹೊಡೆದು ಮುಗಿಸಬೇಕು. ಅತ್ತೆ, ನೀನು ನೋಡಿದ್ದೀಯಲ್ಲ, ಆ ಚಹಾದ ನಟ್ಟನಡುವೆ ಇರುವುದೇ ನಮ್ಮ ಲೈನು.

ಮೊದಲ ದಿನ ನಾನು ಅದನ್ನು ಯೋಚಿಸಿರಲೇ ಇಲ್ಲ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಪಂಪಿನ ನಳಿಗೆ ಬೀಸುತ್ತ, ಕಾಲು ನೋಡಿಕೊಂಡು ಸುತ್ತು ಹಾಕುತ್ತಿದ್ದೆ. ಸುತ್ತು ಸಣ್ಣದಾಗುತ್ತ ಬಂದು, ಕೊನೆಯ ಸಾಲಿಗೆ ತಲೆ ಎತ್ತಿದರೆ ಎದುರಿಗೆ ನಮ್ಮದೇ ಬಾಗಿಲು. ಬೀಗ ಹಾಕಿದ ನಮ್ಮ ಮನೆ. ಕಿಟಕಿಯೊಳಗೆ ನಾನೇ ತೊಲೆಗೆ ಹೊಡೆದಿಟ್ಟ ತೊಟ್ಟಿಲಿನ ಕೊಂಡಿ ಕಾಣುತ್ತಿತ್ತು. ಕೈಯಲ್ಲಿನ ನಳಿಗೆ ಅದರ ಕಡೆಗೇ ತಿರುಗಿತ್ತು. ಗಾಳಿ ಕೂಡ ಆ ಕಡೆಗೇ ಬೀಸುತ್ತಿತ್ತು.

ಪಕ್ಕದ ಮನೆಗೆ ಬೀಗ ಹಾಕಿರಲಿಲ್ಲ. ಕೈಸರನ ಹೆಂಡತಿ ಸಾಜಿಯಾ ಬಾಗಿಲು ಅರ್ಧ ತೆಗೆದು ನಿಂತಿದ್ದಳು. "ಯಣ್ಣಾ, ಬಾಗಲಾ ಹಾಕ್ಕೊಂಡ್ರ ಒಲಿ ಹೊಗಿಗೆ ಉಸಿರು ಕಟ್ಟತೈತಿ, ತಗದ್ರ ನಿಮ್ಮ ಎಣ್ಣಿ ಬರತೈತಿ. ಈ ಕೂಸಿನ್ನ ತಗೊಂಡು ಎಲ್ಲಿ ಕುಂದರ್ಲಿ, ನೀನ ಹೇಳು" ಅಂದಳು. ಎರಡು ದಿನಕ್ಕೆ ಅವಳ ಸಣ್ಣ ಮಗಳ ಕಣ್ಣು ಕೆಂಪಾಗಿ ಊದಿಕೊಂಡು ಮುಚ್ಚಿಹೋದವು. ಡಾಕ್ಟರು ಹನಿ ಹಾಕಿದರು, ಈಗ ಕಡಿಮೆಯಾಗಿದೆ. ಎಣ್ಣೆಯಿಂದಲೇ ಎಂದು ಡಾಕ್ಟರು ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಕೈಸರ ಅಂದು ಒಂದೂ ಹಾಸ್ಯ ಮಾಡಲಿಲ್ಲ. ಮರುದಿನವೇ ಹೆಂಡತಿ ಮಗಳನ್ನು ಹಾವೇರಿಯ ಬಸ್ಸು ಹತ್ತಿಸಿದ.

ಲೈನಿನ ಸುತ್ತ ಒಂದಷ್ಟು ಸಾಲು ಬಿಟ್ಟುಬಿಡೋಣ ಎಂದು ಸಾಹೇಬರನ್ನು ಕೇಳಿದೆ. ಅವರು ಸಿಟ್ಟು ಮಾಡಲಿಲ್ಲ. "ಹುಳ ಬಾಗಿಲು ನೋಡಿಕೊಂಡು ಬರಲ್ಲ ಕಣಪ್ಪ. ನಡುವೆ ಬಿಟ್ಟರೆ ಅಲ್ಲಿಂದಲೇ ಮತ್ತೆ ಎಲ್ಲಾ ಕಡೆ ಹಬ್ಬುತ್ತೆ. ನಿನಗೆ ನಾನು ಹೇಳಿಕೊಡಬೇಕಾ?" ಅಂದರು. ಅವರ ಮಾತೂ ಖರೆಯೇ. ಜಗಳಾಡಲು ಎದುರಿಗೆ ಕೆಟ್ಟವರು ಒಬ್ಬರಾದರೂ ಇದ್ದಿದ್ದರೆ ನನ್ನ ತಲೆ ಇಷ್ಟು ಕೆಡುತ್ತಿರಲಿಲ್ಲ. ಕೆಳಗಿನ ಲೈನಿಗೆ ಮನೆ ಬದಲಿಸೋಣವೆಂದರೆ ಅಲ್ಲಿ ವರ್ಷವಿಡೀ ಎಣ್ಣೆ.

ಹಾಗಾದರೆ ತಾಯಿ ಮಗು ನನ್ನ ಹತ್ತಿರವೇ ಇರಲಿ, ನೀನು ಅಲ್ಲೇ ದುಡಿ ಎಂದು ನೀನು ಅನ್ನಬಹುದು. ನಾನೂ ಅದನ್ನೇ ಮೊದಲು ಯೋಚಿಸಿದೆ. ಚಳಿ ಬಿದ್ದ ಮೇಲೆ ಹುಳ ಕೆಳಗಿಳಿಯಬಹುದು, ಇಳಿಯದೆಯೂ ಇರಬಹುದು, ನೋಡೋಣ ಎಂದುಕೊಂಡೆ. ಆದರೆ ನಿನ್ನ ಮಗಳು ನಿನಗೆ ಗೊತ್ತಿಲ್ಲವೇ? ಮೊನ್ನೆ ಫೋನಿನಲ್ಲಿ, "ಸ್ವಲ್ಪ ದಿನ ತಡೀ" ಎಂದು ಇನ್ನೂ ಪೂರಾ ಅಂದಿರಲಿಲ್ಲ, ಅಷ್ಟರಲ್ಲೇ ಶುರುವಾದಳು. "ಮಾವಾ, ಸ್ನೇಹಾ ಈಗ ಮಗ್ಗಲಾ ಆಗಾಕತ್ತಾಳ. ಆಕಿ ತೆವಳೂದು ನೀ ಫೋನಿನ್ಯಾಗ ನೋಡೂದು ಬ್ಯಾಡ. ನೀ ಬರಲಿಲ್ಲಂದ್ರ ಅವ್ವನ್ನೂ ಕರಿಯೂದಿಲ್ಲ, ನಾನ ಕೂಸಿನ್ನ ಸೆರಗಿಗೆ ಕಟ್ಕೊಂಡು ಬಸ್ ಹತ್ತಿ ಬರತೇನಿ. ತಿಳೀತಿಲ್ಲೋ?" ಹುಳದ ಮಾತು ಎತ್ತಿದರೆ, "ಬ್ಯಾಡಗಿ ಘಾಟಿನ್ಯಾಗ ಬೆಳದಾಕಿ ನಾ, ನನಗೇನಾಗತೈತಿ" ಎಂದಳು. ಅವಳು ಬಂದೇ ಬರುತ್ತಾಳೆ, ಅತ್ತೆ. ಹಬ್ಬದ ಗದ್ದಲದಲ್ಲಿ ನಿನ್ನ ಕಣ್ಣು ತಪ್ಪಿಸಿಯಾದರೂ ಬರುತ್ತಾಳೆ. ದಿನಗಳು ಒಳ್ಳೆಯವಿಲ್ಲ, ದಿಕ್ಕು ಸರಿಯಿಲ್ಲ ಎಂದು ನೀನು ಏನಾದರೊಂದು ಹೇಳಿ ತಡೆದರೂ ಅದು ಎಷ್ಟು ದಿನ? ನಾನು ಈ ಗುಡ್ಡದ ಮೇಲೆ ಇರುವವರೆಗೂ ಅವರು ಇಲ್ಲಿಗೆ ಬರುತ್ತಾರೆ. ನಾನು ಇಲ್ಲಿ ಇಲ್ಲದಿದ್ದರೆ ಮಾತ್ರ ಬರುವುದಿಲ್ಲ.

ಇದು ತಲೆಗೆ ಹೊಳೆದ ಮೇಲೆ ಮತ್ತೆ ಯೋಚಿಸಲು ಏನೂ ಉಳಿಯಲಿಲ್ಲ. ಇವತ್ತು ಬೆಳಗ್ಗೆ ಉಡಚಪ್ಪ ಕಾಕಾನಿಗೆ ಹೇಳಿಬಿಟ್ಟೆ. ಕಾಕಾ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವನು ಹಾಗೇ ನನ್ನನ್ನು ನೋಡಿದ. "ಬಿಡಾಕ ನಿನಗೊಂದು ನೆವಾ ಬೇಕಾಗಿತ್ತು, ಹುಳಾ ಸಿಕ್ತು ನೋಡು" ಅಂದ. ಆ ಮಾತು ಎದೆಗೆ ನಾಟಿತು. "ಕಾಕಾ, ಈ ಕೆಲಸಾ ನಾ ಬೇಜಾರಾಗಿ ಬಿಡಾಕತ್ತಿಲ್ಲ" ಅಂದೆ. "ಮಾರ್ಕೆಟ್ಟು ಬಿಡುವಾಗನೂ ಹಿಂಗ ಅಂದಿದ್ದಿ, ಬಲಿಮನಿ ಬಿಡುವಾಗನೂ ಹಿಂಗ ಅಂದಿದ್ದಿ" ಅಂದ. ಅದೂ ಖರೆ. ಹಾಗೆ ಅಂದಿದ್ದೆ. ಎಲೆ ಮಡಚಿ ಬಾಯಿಗೆ ಇಟ್ಟುಕೊಂಡು ಅವನೇ, "ಬದಲಿ ಆಳು ಬರೂಮಟಾ ಇರ್ತೀಯೋ, ಇವತ್ತ ಗಂಟು ಕಟ್ಟೀಯೋ?" ಎಂದು ಕೇಳಿದ. ಇರುತ್ತೇನೆ ಅಂದೆ. ಇದುವರೆಗೆ ಯಾವ ಕೆಲಸದಲ್ಲೂ ಬದಲಿ ಆಳು ಬರುವವರೆಗೆ ನಾನು ನಿಂತವನಲ್ಲ. ಕಾಕಾ ಅದನ್ನು ಗಮನಿಸಿದನೋ ಇಲ್ಲವೋ ಗೊತ್ತಿಲ್ಲ.

ನಿನಗೆ ಕೊಟ್ಟ ಎರಡು ಮಾತುಗಳಲ್ಲಿ ಒಂದನ್ನು ಮುರಿಯದೆ ಇನ್ನೊಂದು ಉಳಿಯುವ ಹಾಗಿಲ್ಲ. ಹೆಂಡತಿ ಮಕ್ಕಳನ್ನು ಬಿಟ್ಟು ಇರಬೇಡ ಅಂದದ್ದನ್ನು ಉಳಿಸಿಕೊಳ್ಳುತ್ತೇನೆ. ಕೆಲಸ ಬಿಟ್ಟು ಬರಬೇಡ ಅಂದದ್ದನ್ನು ಮುರಿಯುತ್ತೇನೆ. ನನ್ನ ಕಾಲು ಮೊದಲ ಸಲ ಒಂದು ಕಡೆ ನಿಂತಿತ್ತು, ಅತ್ತೆ. ನಿಂತ ಕಡೆಯಿಂದ ಎಬ್ಬಿಸಿಕೊಂಡು ಬರುವುದು ಎಷ್ಟು ಕಷ್ಟ ಎಂದು ಓಡಾಡಿಕೊಂಡೇ ಇದ್ದ ನನಗೆ ಗೊತ್ತಿರಲಿಲ್ಲ. ಓಣಿಯವರು "ಪುಂಡ್ಯಾ ಮತ್ತ ಓಡಿ ಬಂದ" ಎಂದೇ ಅನ್ನುತ್ತಾರೆ. ಅನ್ನಲಿ. ನೀನು ಅವರ ಜೊತೆ ಬಾಯಿ ಮಾಡಬೇಡ. ನೀನೂ ಮನಸ್ಸಿನಲ್ಲಿ ಹಾಗೇ ಅಂದುಕೊಂಡರೆ ಅದು ನನಗೆ ಕಷ್ಟ. ಆದರೂ ಅಂದುಕೊಳ್ಳಬೇಡ ಎಂದು ಕೇಳುವ ಬಾಯಿ ನನಗಿಲ್ಲ.

ಮುಂದೇನು ಎಂದು ಕೇಳಿದರೆ, ರಾಣೆಬೆನ್ನೂರಿನ ಅದೇ ಬಲೆಮನೆಗಳು ಇವೆ. ಬಿಟ್ಟುಬಂದವನನ್ನು ಮತ್ತೆ ಕರೆದುಕೊಳ್ಳುತ್ತಾರೋ ಇಲ್ಲವೋ. ಅಲ್ಲೂ ಎಣ್ಣೆ ಹೊಡೆಯುತ್ತಾರೆ, ಗೊತ್ತು. ಎಣ್ಣೆಯಿಲ್ಲದ ಕೆಲಸ ನಮ್ಮಂಥವರಿಗೆ ಎಲ್ಲಿದೆ? ಆದರೆ ಅಲ್ಲಿ ಸಂಜೆ ಬಲೆಯ ಬಾಗಿಲು ಹಾಕಿ ಮನೆಗೆ ಹೋಗಬಹುದು. ಮನೆ ಬೇರೆ ಕಡೆ ಇರುತ್ತದೆ. ಸದ್ಯಕ್ಕೆ ನನಗೆ ಬೇಕಾದದ್ದು ಅಷ್ಟೇ.

ಗಂಟು ಬಿಚ್ಚು. ತೊಟ್ಟಿಲು ಮತ್ತೆ ನಿಮ್ಮ ಪಡಸಾಲೆಯಲ್ಲೇ ಕಟ್ಟು. ಮಹೇಶ್ವರಿಗೆ ನಾನು ಬರುತ್ತೇನೆ ಎಂದಷ್ಟೇ ಹೇಳು, ಬೈಯಲು ಬೇಕಾದ ಮಾತೆಲ್ಲ ಕೂಡಿಸಿ ಇಟ್ಟುಕೊಳ್ಳಲಿ. ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡ. ನಾನು ಬಂದ ದಿನ, ಅಪ್ಪ ಬಂದ ಎಂದು ಯಾರೂ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಓಡಿ ಬರಬಾರದು. ನನ್ನ ಗಂಟು, ಅಂಗಿ, ಚಪ್ಪಲಿ ಎಲ್ಲ ಹೊರಗೇ ಇಡುತ್ತೇನೆ. ಹಿತ್ತಲ ಕಡೆಯಿಂದ ನೇರ ಬಚ್ಚಲಿಗೆ ಹೋಗುತ್ತೇನೆ. ಹಂಡೆ ತುಂಬ ನೀರು ಕಾಯಿಸಿ ಇಡು. ನನ್ನ ಮೈಯ ವಾಸನೆ ಹೋಯಿತೋ ಇಲ್ಲವೋ ಎಂದು ನನಗೆ ಗೊತ್ತಾಗುವುದಿಲ್ಲ, ಮೂಗಿಗೆ ರೂಢಿಯಾಗಿಬಿಟ್ಟಿದೆ. ನೀನೇ ಹತ್ತಿರ ಬಂದು ಮೂಸಿ ನೋಡು. ಇನ್ನೂ ಇದೆ ಎಂದರೆ ಮತ್ತೆ ಮೀಯುತ್ತೇನೆ. ಇಲ್ಲ ಎಂದು ನೀನು ಹೇಳಿದ ಮೇಲೆ ಕೂಸನ್ನು ನನ್ನ ಕೈಗೆ ಕೊಡು.

ನಿನ್ನ ಕೈ ಉರಿ ತಣ್ಣಗಿರಲಿ, ನನ್ನ ಮಗಳ ಕಣ್ಣು ತಿಳಿಯಾಗಿರಲಿ ಎಂದು ಬೇಡಿಕೊಳ್ಳುತ್ತ,

ಬದಲಿ ಆಳಿನ ದಾರಿ ಕಾಯುತ್ತಿರುವ
ನಿನ್ನ ಅಣ್ಣನ ಮಗ,
ಪುಂಡಲೀಕ